ನಿಮಗೆ ಹೊಂದುವ ಥೆರಪಿಸ್ಟ್‌ರನ್ನು ಆರಿಸಿಕೊಳ್ಳುವುದು ಹೇಗೆ?

ಮನಸ್ಸಿನ ತೊಂದರೆಗೆ ಮಾತಿನ ಚಿಕಿತ್ಸೆ ಕೊಡುವ ಥೆರಪಿಸ್ಟ್ ಬೇಕು ಅನ್ನಿಸುವುದೇ ಹುಡುಕುವ ತ್ರಾಣ ಇಲ್ಲದ ಹೊತ್ತಿನಲ್ಲಿ. ನಿದ್ದೆ ಕೆಟ್ಟಿರುತ್ತದೆ, ಬಂದ ಫೋನ್ ಎತ್ತುವುದಕ್ಕೂ ಬೇಸರ. ಅಂಥದ್ದರಲ್ಲಿ ಹತ್ತಾರು ಪ್ರೊಫೈಲ್ ಓದಿ, ಗುರುತಿಲ್ಲದವರಿಗೆ ಕರೆ ಮಾಡಿ, ವಿಚಾರಿಸಿ ಆರಿಸು ಅಂದರೆ ಯಾರಿಗಾದೀತು? ಹಾಗಾಗಿ ಹೆಚ್ಚಿನವರು ಮೊದಲು ಅಪಾಯಿಂಟ್‌ಮೆಂಟ್ ಕೊಟ್ಟವರ ಹತ್ತಿರ ಹೋಗುತ್ತಾರೆ. ಎರಡು ಸಲ ಹೋಗಿ, ಏನೋ ಸರಿಬರದೆ, ಮೂರನೇ ಸಲಕ್ಕೆ ನೆಪ ಹೇಳಿ ಬಿಟ್ಟುಬಿಡುತ್ತಾರೆ. ಆಮೇಲೆ ವರ್ಷಗಟ್ಟಲೆ ಒಂದೇ ಮಾತು: 'ಥೆರಪಿ ನನಗೆ ಆಗಿಬರಲ್ಲ.' ಆಗಿಬರದೇ ಇದ್ದದ್ದು ಆ ವ್ಯಕ್ತಿಯೋ, ಅವರ ಪದ್ಧತಿಯೋ, ಹೋದ ಸಮಯವೋ ಎಂದು ಬಿಡಿಸಿ ನೋಡಿರುವುದಿಲ್ಲ.

ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡುತ್ತೇನೆ. ಎದುರು ಕೂತಾಗ ಹಾಯೆನಿಸಿದರೆ ಥೆರಪಿಸ್ಟ್ ಹೊಂದಿದರು ಎಂದು ನಾವು ಅಂದುಕೊಳ್ಳುತ್ತೇವೆ. ಹಾಯೆನಿಸಬೇಕು ನಿಜ, ಆದರೆ ಅಷ್ಟು ಸಾಲದು. 'ನೀವು ಮಾಡುತ್ತಿರುವುದರಿಂದ ನನಗೆ ಉಪಯೋಗ ಆಗುತ್ತಿಲ್ಲ' ಎಂದು ಅವರ ಮುಖಕ್ಕೇ ಹೇಳಲು ನಿಮಗೆ ಬಾಯಿ ಬರಬೇಕು. ಹೇಳಿದ ಮೇಲೆ ಅವರು ಆ ಮಾತನ್ನು ಹೇಗೆ ತೆಗೆದುಕೊಂಡರು ಎಂಬುದು ನಿಜವಾದ ಪರೀಕ್ಷೆ. ಕೆಳಗಿನ ಹಂತಗಳೆಲ್ಲ ಆ ಪರೀಕ್ಷೆಯವರೆಗೆ ತಲುಪಿಸಲು.

ಆದರೆ ಸಾಯುವ ಯೋಚನೆ ಬಿಡದೆ ಕಾಡುತ್ತಿದ್ದರೆ, ಹೇಗೆ ಎಂಬ ಲೆಕ್ಕಾಚಾರದವರೆಗೆ ಹೋಗಿದ್ದರೆ, ಈ ಹುಡುಕಾಟ ಈಗ ಬೇಡ. ಹತ್ತಿರದ ಆಸ್ಪತ್ರೆಯ ತುರ್ತು ವಿಭಾಗಕ್ಕೆ ಹೋಗಿ, ಇಲ್ಲವೇ ಸಹಾಯವಾಣಿಗೆ ಕರೆ ಮಾಡಿ. ಜತೆಗೆ ಯಾರಾದರೂ ಒಬ್ಬರು ಇರಲಿ. ಯಾರು ಹೊಂದುತ್ತಾರೆ ಎಂಬ ಪ್ರಶ್ನೆ ಆಮೇಲಿನದು.

ಹಂತ 1: ಒಂದು ಪುಟ ಬರೆದುಕೊಳ್ಳಿ

ಹುಡುಕುವ ಮುಂಚೆ ಒಂದು ಪುಟದಲ್ಲಿ ನಿಮ್ಮ ತೊಂದರೆಯನ್ನು ಬರೆಯಿರಿ. 'ಆತಂಕ ಇದೆ' ಎಂದಷ್ಟೇ ಬರೆದರೆ ಅದರಿಂದ ಯಾರಿಗೂ ಏನೂ ಗೊತ್ತಾಗುವುದಿಲ್ಲ. 'ಮೀಟಿಂಗ್‌ನಲ್ಲಿ ನನ್ನ ಸರದಿ ಹತ್ತಿರ ಬಂದಂತೆ ಎದೆ ಹೊಡೆದುಕೊಳ್ಳುತ್ತದೆ, ಕೆಲವು ತಿಂಗಳಿಂದ ಏನಾದರೊಂದು ಹೇಳಿ ತಪ್ಪಿಸಿಕೊಳ್ಳುತ್ತಿದ್ದೇನೆ' ಎಂದು ಬರೆದರೆ ಕೆಲಸಕ್ಕೆ ಬರುತ್ತದೆ. ಯಾವಾಗ ಶುರುವಾಯಿತು, ಯಾವಾಗ ಹೆಚ್ಚಾಗುತ್ತದೆ, ಅದರಿಂದಾಗಿ ಏನೇನು ಮಾಡುವುದನ್ನು ಬಿಟ್ಟಿದ್ದೀರಿ, ಇಷ್ಟು ಸಾಕು.

ಕೊನೆಯ ಸಾಲು ಮಾತ್ರ ತಪ್ಪಿಸಬೇಡಿ: ಇದು ಸರಿಹೋದರೆ ನನ್ನ ದಿನದಲ್ಲಿ ಏನು ಬದಲಾಗಿರುತ್ತದೆ? 'ಖುಷಿಯಾಗಿರುತ್ತೇನೆ' ಎಂಬ ಉತ್ತರಕ್ಕೆ ಅಳತೆ ಇಲ್ಲ. 'ರಾತ್ರಿ ಬಾಗಿಲು ಹಾಕಿದೆಯಾ ಎಂದು ಒಂದೇ ಸಲ ನೋಡಿ ಮಲಗುತ್ತೇನೆ', 'ಅಣ್ಣನ ಜತೆ ಜಗಳವಾಡದೆ ಒಂದು ಗಂಟೆ ಕೂರುತ್ತೇನೆ' ಎಂಬಂಥ ಉತ್ತರ ಮುಂದೆ ದಾರಿ ಸರಿಯಿದೆಯೇ ಎಂದು ನೋಡಿಕೊಳ್ಳಲು ನೆರವಾಗುತ್ತದೆ.

ಇದರ ಜತೆಗೇ ಒಮ್ಮೆ ಸಾಮಾನ್ಯ ವೈದ್ಯರಿಗೂ ತೋರಿಸಿ. ಥೈರಾಯ್ಡ್ ಕಡಿಮೆಯಾದರೆ ಖಿನ್ನತೆಯಂತೆ ಕಾಣುತ್ತದೆ, ಜಾಸ್ತಿಯಾದರೆ ಆತಂಕದಂತೆ. ರಕ್ತಹೀನತೆ, ಕೆಲವು ಔಷಧಿಗಳ ಅಡ್ಡಪರಿಣಾಮ ಕೂಡ ಹಾಗೇ. ಒಂದು ರಕ್ತಪರೀಕ್ಷೆಯಲ್ಲಿ ತಿಳಿಯುವುದನ್ನು ಆರು ತಿಂಗಳ ಮಾತುಕತೆಯಲ್ಲಿ ಹುಡುಕುವುದು ಬೇಡ.

ಹಂತ 2: ಯಾರು ಏನು ಮಾಡುತ್ತಾರೆ ಎಂದು ತಿಳಿದುಕೊಳ್ಳಿ

ಮನೋವೈದ್ಯರು, ಅಂದರೆ ಸೈಕಿಯಾಟ್ರಿಸ್ಟ್, ವೈದ್ಯಕೀಯ ಓದಿದವರು. ರೋಗ ಗುರುತಿಸುತ್ತಾರೆ, ಔಷಧಿ ಬರೆಯುತ್ತಾರೆ. ಮಾತಿನ ಚಿಕಿತ್ಸೆಗೆ ಸಮಯ ಕೊಡುವವರೂ ಇದ್ದಾರೆ, ಕೊಡಲಾಗದವರೂ ಇದ್ದಾರೆ. ಕ್ಲಿನಿಕಲ್ ಸೈಕಾಲಜಿಸ್ಟ್ ಮನೋವಿಜ್ಞಾನದಲ್ಲಿ ಉನ್ನತ ತರಬೇತಿ ಪಡೆದವರು, ಪರೀಕ್ಷೆ ನಡೆಸುತ್ತಾರೆ, ಥೆರಪಿ ಮಾಡುತ್ತಾರೆ. ಆಪ್ತಸಮಾಲೋಚಕರು ಮತ್ತು ಮನೋವೈದ್ಯಕೀಯ ಸಾಮಾಜಿಕ ಕಾರ್ಯಕರ್ತರಲ್ಲೂ ಚೆನ್ನಾಗಿ ತರಬೇತಾದ ಥೆರಪಿಸ್ಟ್‌ಗಳಿದ್ದಾರೆ. ಲೈಫ್ ಕೋಚ್ ಎನ್ನುವವರು ಬೇರೆ, ಅವರಿಗೆ ಮಾನಸಿಕ ಕಾಯಿಲೆಗೆ ಚಿಕಿತ್ಸೆ ಕೊಡುವ ತರಬೇತಿ ಇರಲೇಬೇಕೆಂಬ ನಿಯಮವಿಲ್ಲ.

ಇಲ್ಲದ ಧ್ವನಿ ಕೇಳಿಸುವುದು, ನಿದ್ದೆಯೇ ಬೇಡವಾಗಿ ದಿನಗಟ್ಟಲೆ ಮೈಮೇಲೆ ಬಂದಂಥ ಹುರುಪು, ಹಾಸಿಗೆಯಿಂದ ಏಳಲೂ ಆಗದ ಖಿನ್ನತೆ, ಇವುಗಳಿದ್ದರೆ ಮೊದಲು ಮನೋವೈದ್ಯರು. ಔಷಧಿಯೂ ಥೆರಪಿಯೂ ಜತೆಯಾಗಿ ನಡೆಯಬಹುದು.

ಹಲವು ದೇಶಗಳಲ್ಲಿ 'ಥೆರಪಿಸ್ಟ್', 'ಕೌನ್ಸೆಲರ್' ಎಂಬ ಹೆಸರಿಗೆ ಕಾನೂನಿನ ಕಾವಲಿಲ್ಲ. ಯಾರು ಬೇಕಾದರೂ ಬೋರ್ಡ್ ಹಾಕಿಕೊಳ್ಳಬಹುದು. ಹಾಗಾಗಿ ಪದವಿ ಎಲ್ಲಿಯದು, ಯಾವ ವೃತ್ತಿ ಮಂಡಳಿಯಲ್ಲಿ ನೋಂದಣಿ ಆಗಿದೆ ಎಂದು ಕೇಳಿ, ಆ ಮಂಡಳಿಯ ಪಟ್ಟಿಯಲ್ಲಿ ಹೆಸರಿದೆಯೇ ಎಂದು ನೋಡಿ. ಈ ಪ್ರಶ್ನೆಗೆ ಮುಖ ಸಿಂಡರಿಸಿದವರನ್ನು ಅಲ್ಲಿಗೇ ಬಿಡಬಹುದು.

ಹಂತ 3: ಪದ್ಧತಿ ಎಷ್ಟು ಮುಖ್ಯ ಎಂದು ನಿರ್ಧರಿಸಿ

ಇಲ್ಲಿ ಸ್ವಲ್ಪ ನಿಲ್ಲೋಣ. ಅಕ್ಷರಗಳ ಕಾಡಿನಲ್ಲಿ ಜನ ದಾರಿ ತಪ್ಪುವುದು ಇಲ್ಲೇ: ಸಿಬಿಟಿ (ಯೋಚನೆ, ನಡವಳಿಕೆಯ ರೂಢಿಗಳನ್ನು ಬದಲಿಸುವ ಚಿಕಿತ್ಸೆ), ಡಿಬಿಟಿ (ತೀವ್ರ ಭಾವನೆಗಳನ್ನು ನಿಭಾಯಿಸಲು ಕಲಿಸುವುದು), ಇಎಂಡಿಆರ್ (ಕಣ್ಣು ಅತ್ತಿತ್ತ ಆಡಿಸುತ್ತಾ ಆಘಾತದ ನೆನಪಿನ ಮೇಲೆ ಕೆಲಸ ಮಾಡುವುದು), ಸೈಕೋಡೈನಮಿಕ್ (ಹಿಂದಿನ ಅನುಭವ, ಅರಿವಿಗೆ ಬಾರದ ಭಾವನೆಗಳನ್ನು ಕೆದಕಿ ನೋಡುವುದು). 1936ರಷ್ಟು ಹಿಂದೆಯೇ ಸಾಲ್ ರೋಸೆನ್‌ಝ್‌ವೈಗ್ ಎಂಬ ಅಮೆರಿಕದ ಮನೋವಿಜ್ಞಾನಿ, ಒಂದಕ್ಕೊಂದು ಸಂಬಂಧವೇ ಇಲ್ಲದಂತೆ ಕಾಣುವ ಪದ್ಧತಿಗಳು ಗುಣ ಕೊಡುತ್ತಿದ್ದರೆ ಅವುಗಳಲ್ಲಿ ಸಮಾನವಾದದ್ದೇನೋ ಇರಬೇಕು ಎಂದು ವಾದಿಸಿದ್ದರು. ಆ ಚರ್ಚೆ ಇನ್ನೂ ಮುಗಿದಿಲ್ಲ. ಸಂಬಂಧದಲ್ಲಿ ಬಿರುಕು, ದುಃಖ, ಕೆಲಸದ ಒತ್ತಡ, ಸಾಧಾರಣ ಮಟ್ಟದ ಖಿನ್ನತೆ, ಇಂಥವುಗಳಲ್ಲಿ ಹೆಸರಿನ ಬೆನ್ನು ಹತ್ತುವುದಕ್ಕಿಂತ ಒಳ್ಳೆಯ ತರಬೇತಿ ಇರುವ, ನಿಮ್ಮ ಜತೆ ಕೂಡಿಬರುವ ವ್ಯಕ್ತಿಯನ್ನು ಹುಡುಕುವುದು ಮೇಲು.

ಆದರೆ ಪದ್ಧತಿ ಕೇಳಲೇಬೇಕಾದ ತೊಂದರೆಗಳಿವೆ. ಮೊದಲನೆಯದು ಗೀಳು ರೋಗ, ಅಂದರೆ ಒಸಿಡಿ. ಇದಕ್ಕೆ ಇಆರ್‌ಪಿ ಎಂಬ ನಿರ್ದಿಷ್ಟ ಚಿಕಿತ್ಸೆ ಇದೆ: ಭಯ ಹುಟ್ಟಿಸುವುದನ್ನು ಹಂತಹಂತವಾಗಿ ಎದುರಿಸುತ್ತಾ, ಕೈತೊಳೆಯುವ ಅಥವಾ ಮತ್ತೆಮತ್ತೆ ಪರೀಕ್ಷಿಸುವ ತುಡಿತಕ್ಕೆ ಮಣಿಯದಿರುವ ಅಭ್ಯಾಸ. ಇದು ಗೊತ್ತಿಲ್ಲದ ಥೆರಪಿಸ್ಟ್ ಒಳ್ಳೆಯ ಮನಸ್ಸಿನಿಂದಲೇ ಪ್ರತಿವಾರ 'ಹಾಗೇನೂ ಆಗಲ್ಲ, ಹೆದರಬೇಡಿ' ಎಂದು ಸಮಾಧಾನ ಹೇಳುತ್ತಾರೆ. ಗೀಳು ಬೆಳೆಯುವುದೇ ಆ ಸಮಾಧಾನವನ್ನು ತಿಂದು. ಅವರ ಮುಂದೆ ನಿಮಗೆ ತುಂಬ ಹಾಯೆನಿಸುತ್ತದೆ, ಕಾಯಿಲೆ ಮಾತ್ರ ಜಾಸ್ತಿಯಾಗುತ್ತದೆ. ಹಾಯೆನಿಸುವುದನ್ನೇ ನೆಚ್ಚಬೇಡಿ ಎಂದು ನಾನು ಹೇಳುವುದಕ್ಕೆ ಇದೊಂದು ಕಾರಣ.

ನಿರ್ದಿಷ್ಟ ಭಯಗಳಿಗೆ, ಪ್ಯಾನಿಕ್‌ಗೆ (ಇದ್ದಕ್ಕಿದ್ದಂತೆ ಮೇಲೆರಗುವ ತೀವ್ರ ಭಯ) ಕೂಡ ಎದುರಿಸುವ ಅಭ್ಯಾಸ ಇರುವ ಸಿಬಿಟಿಗೆ ಒಳ್ಳೆಯ ಆಧಾರವಿದೆ. ಸಿಬಿಟಿಯ ಒಂದು ಮುಖ್ಯ ಬೇರು 1960ರ ದಶಕದಲ್ಲಿ ಅಮೆರಿಕದ ಮನೋವೈದ್ಯ ಆರನ್ ಬೆಕ್ ಖಿನ್ನತೆಯ ಮೇಲೆ ಮಾಡಿದ ಕೆಲಸ. ದೀರ್ಘಕಾಲದ ನಿದ್ರಾಹೀನತೆಗೆ ಅದರದೇ ಒಂದು ರೂಪ ಇದೆ. ಅಮೆರಿಕದ ವೈದ್ಯರ ಸಂಘಟನೆ ಅಮೆರಿಕನ್ ಕಾಲೇಜ್ ಆಫ್ ಫಿಸಿಷಿಯನ್ಸ್ 2016ರಲ್ಲಿ, ವಯಸ್ಕರ ದೀರ್ಘಕಾಲದ ನಿದ್ರಾಹೀನತೆಗೆ ಮಾತ್ರೆಗಿಂತ ಮೊದಲು ಇದನ್ನೇ ಕೊಡಬೇಕೆಂದು ಶಿಫಾರಸು ಮಾಡಿತು. ಅಪಘಾತ, ಹಲ್ಲೆ, ದೌರ್ಜನ್ಯದ ನೆನಪು ಮರುಕಳಿಸಿ ಕಾಡುತ್ತಿದ್ದರೆ ಆಘಾತಕ್ಕೆಂದೇ ರೂಪಿಸಿದ ಸಿಬಿಟಿ ಅಥವಾ ಫ್ರಾನ್ಸೀನ್ ಶಪೀರೊ ಅವರು 1980ರ ದಶಕದ ಕೊನೆಗೆ ರೂಪಿಸಿದ ಇಎಂಡಿಆರ್ ಗೊತ್ತಿರುವವರನ್ನು ಕೇಳಿ. ಭಾವನೆಗಳು ಕೈಮೀರಿ ತನಗೆ ತಾನೇ ಗಾಯ ಮಾಡಿಕೊಳ್ಳುವವರಿಗಾಗಿ ಮಾರ್ಷಾ ಲಿನೆಹನ್ ರೂಪಿಸಿದ್ದು ಡಿಬಿಟಿ.

'ನಾನು ಎಲ್ಲವನ್ನೂ ಸ್ವಲ್ಪ ಸ್ವಲ್ಪ ಬಳಸುತ್ತೇನೆ' ಎನ್ನುವವರು ಬಹಳ ಮಂದಿ. ಅದರಲ್ಲಿ ತಪ್ಪಿಲ್ಲ, ನಿಮ್ಮ ತೊಂದರೆಗೆ ಅದರಲ್ಲಿ ಯಾವುದನ್ನು ಏಕೆ ಬಳಸುತ್ತಾರೆ ಎಂದು ಕೇಳಿದಾಗ ಸರಳವಾಗಿ ಹೇಳಬಲ್ಲರಾದರೆ.

ಹಂತ 4: ಎರಡು ಮೂರು ಹೆಸರು ಆರಿಸಿ, ಕರೆ ಮಾಡಿ

ಎರಡು ಮೂರು ಹೆಸರು ಸಾಕು. ಇಪ್ಪತ್ತು ಪ್ರೊಫೈಲ್ ಓದುವುದು ಕರೆ ಮಾಡುವುದನ್ನು ಮುಂದೂಡುವ ಒಂದು ದಾರಿ ಅಷ್ಟೇ. ವೈದ್ಯರನ್ನು ಕೇಳಿ, ಥೆರಪಿಗೆ ಹೋಗಿ ಬಂದ ಪರಿಚಯದವರನ್ನು ಕೇಳಿ. ಆದರೆ ನಿಮ್ಮ ಗಂಡ, ಹೆಂಡತಿ, ಆಪ್ತ ಸ್ನೇಹಿತರು ಈಗ ಹೋಗುತ್ತಿರುವ ಥೆರಪಿಸ್ಟ್ ಹತ್ತಿರವೇ ನೀವೂ ಹೋಗಬೇಡಿ. ನೀವು ಹೇಳುವುದರಲ್ಲಿ ಅರ್ಧ ಅವರ ಬಗ್ಗೆಯೇ ಇರುತ್ತದೆ. ನೆಂಟರು, ಸಹೋದ್ಯೋಗಿಗಳು ಥೆರಪಿಸ್ಟ್ ಆಗಿದ್ದರೂ ಹಾಗೇ, ಅವರಿಂದ ಬೇರೆಯವರ ಹೆಸರು ಕೇಳಿ ತೆಗೆದುಕೊಳ್ಳಿ. ಪ್ರೊಫೈಲ್‌ನಲ್ಲಿ ಮಕ್ಕಳ ಹಟದಿಂದ ಹಿಡಿದು ಮರೆಗುಳಿತನದವರೆಗೆ ಎಲ್ಲದಕ್ಕೂ ಪರಿಣತಿ ಎಂದು ಬರೆದಿದ್ದರೆ ಅನುಮಾನ ಇರಲಿ.

ಹೆಣ್ಣೇ ಆಗಬೇಕು, ನನಗಿಂತ ಹಿರಿಯರೇ ಆಗಬೇಕು, ನನ್ನ ನಂಬಿಕೆಯನ್ನು ಅಥವಾ ನನ್ನ ಲೈಂಗಿಕತೆಯನ್ನು ಸಮಸ್ಯೆ ಎಂದು ನೋಡದವರು ಬೇಕು, ಇಂಥ ಆಯ್ಕೆಗೆ ನೀವು ಯಾರಿಗೂ ಕಾರಣ ಕೊಡಬೇಕಿಲ್ಲ. ಭಾಷೆಯ ವಿಷಯದಲ್ಲಂತೂ ರಾಜಿ ಬೇಡ. ಸಿಟ್ಟು ಬಂದಾಗ ಬಾಯಿಗೆ ಬರುವ ಭಾಷೆ ಯಾವುದೋ ಅದರಲ್ಲಿ ಮಾತಾಡಲು ಆಗಬೇಕು. ಅಳುತ್ತಾ ಅನುವಾದ ಮಾಡುವುದು ಕಷ್ಟ.

ಕರೆ ಮಾಡಿದಾಗ ಏನು ಹೇಳಬೇಕೆಂದು ತೋಚದಿದ್ದರೆ ಇದನ್ನೇ ಓದಿಬಿಡಿ:

'ನಮಸ್ಕಾರ. ಅಪಾಯಿಂಟ್‌ಮೆಂಟ್ ತೆಗೆದುಕೊಳ್ಳುವ ಮುಂಚೆ ಒಂದೆರಡು ವಿಷಯ ಕೇಳಬಹುದಾ? ನನಗೆ ಇಂಥ ತೊಂದರೆ ಇದೆ. ಈ ಥರದವರ ಜತೆ ನೀವು ಕೆಲಸ ಮಾಡಿದ್ದೀರಾ? ಸಾಮಾನ್ಯವಾಗಿ ಹೇಗೆ ಮಾಡುತ್ತೀರಿ? ಉಪಯೋಗ ಆಗುತ್ತಿದೆಯೋ ಇಲ್ಲವೋ ಅಂತ ಹೇಗೆ ನೋಡುತ್ತೀರಿ?'

ಬಳಿಕ ಶುಲ್ಕ, ಸೆಷನ್ ಎಷ್ಟು ನಿಮಿಷ (45ರಿಂದ 60 ಸಾಮಾನ್ಯ), ತಪ್ಪಿಸಿದರೆ ಹಣ ಕಟ್ಟಬೇಕೇ, ಶುಲ್ಕದಲ್ಲಿ ರಿಯಾಯಿತಿ ಇದೆಯೇ, ಆನ್‌ಲೈನ್ ಆಗುತ್ತದೆಯೇ ಎಂದು ಕೇಳಿ. ಹಣದ ಮಾತು ಮುಜುಗರ ಎಂದು ಬಿಟ್ಟರೆ ಮೂರನೇ ಸೆಷನ್‌ಗೆ ಅದೇ ಕಾರಣಕ್ಕೆ ನಿಲ್ಲಿಸಬೇಕಾಗುತ್ತದೆ. ಮೇಲಿನ ಪ್ರಶ್ನೆಗಳಲ್ಲಿ ಕೊನೆಯದಕ್ಕೆ ಬರುವ ಉತ್ತರವನ್ನು ಗಮನವಿಟ್ಟು ಕೇಳಿ. 'ನಾಲ್ಕೈದು ಸೆಷನ್ ಆದಮೇಲೆ ಇಬ್ಬರೂ ಕೂತು ನೋಡೋಣ' ಎನ್ನುವವರು ಒಂದು ಬಗೆ, 'ನಿಮಗೇ ಗೊತ್ತಾಗುತ್ತೆ ಬಿಡಿ' ಎನ್ನುವವರು ಇನ್ನೊಂದು ಬಗೆ.

ಹಂತ 5: ಮೊದಲ ಸೆಷನ್

ಮೊದಲ ಸೆಷನ್‌ನಿಂದ ಹಗುರಾಗಿ ಹೊರಬರುತ್ತೇವೆ ಎಂಬ ನಿರೀಕ್ಷೆ ಬೇಡ. ಬಹುಪಾಲು ಹೊತ್ತು ಪ್ರಶ್ನೆಗಳಲ್ಲೇ ಕಳೆಯುತ್ತದೆ: ಮನೆ, ಆರೋಗ್ಯ, ನಿದ್ದೆ, ಕುಡಿತ, ಹಿಂದೆ ಪಡೆದ ಚಿಕಿತ್ಸೆ. ಹೊರಬಂದಾಗ ಸುಸ್ತು, ಕೆಲವೊಮ್ಮೆ 'ಇಷ್ಟೆಲ್ಲ ಯಾಕೆ ಹೇಳಿದೆ' ಎಂಬ ನಾಚಿಕೆ. ಇದನ್ನು ಹೊಂದಾಣಿಕೆ ಇಲ್ಲ ಎಂಬುದಕ್ಕೆ ಪುರಾವೆಯಾಗಿ ತೆಗೆದುಕೊಳ್ಳಬೇಡಿ.

ಒಂದು ಚಿಕ್ಕ ಪ್ರಶ್ನಾವಳಿ ತುಂಬಿಸಬಹುದು. ಖಿನ್ನತೆಗೆ ಪಿಎಚ್‌ಕ್ಯೂ-9: ಕಳೆದ ಎರಡು ವಾರಗಳ ಬಗ್ಗೆ 9 ಪ್ರಶ್ನೆ, ಪ್ರತಿಯೊಂದಕ್ಕೂ 0ಯಿಂದ 3, ಒಟ್ಟು 27. ಆತಂಕಕ್ಕೆ ಜಿಎಡಿ-7, ಅದರ ಒಟ್ಟು 21. ಸಾಯುವ ಯೋಚನೆ ಬಂದಿದೆಯಾ ಎಂದು ನೇರವಾಗಿ ಕೇಳಿದರೆ ಬೆಚ್ಚಬೇಡಿ. ಕೇಳುವುದು ತರಬೇತಿಯ ಗುರುತು.

ಗೋಪ್ಯತೆಯ ಮಾತನ್ನು ಅವರೇ ಎತ್ತಬೇಕು. ನೀವು ಹೇಳಿದ್ದು ಹೊರಗೆ ಹೋಗುವುದಿಲ್ಲ, ಆದರೆ ನಿಮ್ಮ ಅಥವಾ ಇನ್ನೊಬ್ಬರ ಜೀವಕ್ಕೆ ಅಪಾಯ ಇದ್ದರೆ, ಮಗುವಿನ ಮೇಲೆ ದೌರ್ಜನ್ಯ ನಡೆಯುತ್ತಿದ್ದರೆ, ನ್ಯಾಯಾಲಯ ಆದೇಶಿಸಿದರೆ ಹೇಳಬೇಕಾಗಬಹುದು ಎಂದು ವಿವರಿಸುವುದು ವೃತ್ತಿಧರ್ಮ. 'ಏನೇ ಆದರೂ ಯಾರಿಗೂ ಹೇಳಲ್ಲ' ಎಂದು ಆಣೆ ಮಾಡುವವರಿಗೆ ನಿಯಮ ಗೊತ್ತಿಲ್ಲ ಎಂದರ್ಥ. ಸೆಷನ್ ಮುಗಿಯುವ ಮುಂಚೆ ನಿಮ್ಮ ಆ ಒಂದು ಪುಟದ ಕೊನೆಯ ಸಾಲನ್ನು ಹೇಳಿ, ಅಥವಾ ಪುಟವನ್ನೇ ಕೊಟ್ಟುಬಿಡಿ.

ಹಂತ 6: ಮೂರನೆಯ ಅಥವಾ ನಾಲ್ಕನೆಯ ಸೆಷನ್‌ನಲ್ಲಿ ಪರೀಕ್ಷಿಸಿ

ಥೆರಪಿಯ ಸಂಬಂಧ ಚೆನ್ನಾಗಿದೆ ಎನ್ನಲು ಏನಿರಬೇಕು ಎಂಬುದನ್ನು 1979ರಲ್ಲಿ ಅಮೆರಿಕದ ಮನೋವಿಜ್ಞಾನಿ ಎಡ್ವರ್ಡ್ ಬೋರ್ಡಿನ್ ಮೂರು ಭಾಗ ಮಾಡಿ ಹೇಳಿದರು. ಗುರಿಯ ಬಗ್ಗೆ ಇಬ್ಬರಿಗೂ ಒಪ್ಪಿಗೆ, ಅದಕ್ಕಾಗಿ ಮಾಡುವ ಕೆಲಸದ ಬಗ್ಗೆ ಒಪ್ಪಿಗೆ, ಇಬ್ಬರ ನಡುವೆ ಬಾಂಧವ್ಯ. ಈ ಮೂರನ್ನು ಬೇರೆ ಬೇರೆಯಾಗಿ ನೋಡಿ. ಬಾಂಧವ್ಯ ಚೆನ್ನಾಗಿದ್ದು ಗುರಿಯೇ ಬೇರೆಯಾಗಿರಬಹುದು. ನಿಮಗೆ ಮೀಟಿಂಗ್‌ನಲ್ಲಿ ಮಾತಾಡುವ ಧೈರ್ಯ ಬೇಕು, ಅವರು ನಾಲ್ಕು ವಾರದಿಂದ ನಿಮ್ಮ ಬಾಲ್ಯದಲ್ಲೇ ಇದ್ದಾರೆ. ಎರಡಕ್ಕೂ ಸಂಬಂಧ ಇರಬಹುದು, ಆದರೆ ಏನು ಸಂಬಂಧ ಎಂದು ನಿಮಗೆ ತಿಳಿಸಬೇಕಾದದ್ದು ಅವರ ಕೆಲಸ.

ಈಗ ಆ ಕಷ್ಟದ ಮಾತು. ಹೊಂದದೆ ಇರುವ ಒಂದು ವಿಷಯವನ್ನು, ಚಿಕ್ಕದಾದರೂ ಸರಿ, ಅವರೆದುರಿಗೇ ಹೇಳಿ. ಹೀಗೆ ಅನ್ನಿ:

'ಹೋದ ವಾರ ನೀವು ಮನೆಯಲ್ಲಿ ಬರೆಯೋಕೆ ಕೊಟ್ಟ ಹಾಳೆ ತುಂಬಿಲ್ಲ. ಮರೆತುಹೋಯ್ತು ಅಂತ ಹೇಳೋಣ ಅಂದುಕೊಂಡಿದ್ದೆ, ಆದ್ರೆ ಮರೆತಿಲ್ಲ. ಬರೆಯೋಕೆ ಕೂತ್ರೆ ನೀವು ತಿದ್ದಿ ಮಾರ್ಕ್ಸ್ ಹಾಕ್ತೀರೇನೋ ಅನ್ನಿಸುತ್ತೆ.'

ಒಬ್ಬರು ಹೇಳುತ್ತಾರೆ: 'ನೋಡಿ, ಇದನ್ನ ಮಾಡದೆ ಪ್ರಯೋಜನ ಇಲ್ಲ. ನಿಮಗೆ ಸರಿಹೋಗಬೇಕು ಅಂತ ಮನಸ್ಸಿದೆಯಾ?' ಇನ್ನೊಬ್ಬರು ತಕ್ಷಣ: 'ಅಯ್ಯೋ, ಹಾಗಾದ್ರೆ ಬೇಡ ಬಿಡಿ.' ಮೂರನೆಯವರು ಒಂದು ಕ್ಷಣ ಸುಮ್ಮನಿದ್ದು: 'ಹೇಳಿದ್ದು ಒಳ್ಳೇದಾಯ್ತು. ನಾನು ತಿದ್ದುತ್ತೀನಿ ಅಂತ ಈ ಹಾಳೆ ಬಿಟ್ಟು ಬೇರೆ ಯಾವಾಗಲಾದರೂ ಇಲ್ಲಿ ಅನ್ನಿಸಿದೆಯಾ? ಹಾಳೆ ಯಾಕೆ ಕೊಟ್ಟೆ ಅಂತಲೂ ನಾನು ಸರಿಯಾಗಿ ಹೇಳಿಲ್ಲ ಅನ್ಸುತ್ತೆ. ಬರೆಯೋ ಬದಲು ಇವತ್ತು ಇಲ್ಲೇ ಒಂದನ್ನ ಒಟ್ಟಿಗೆ ಮಾಡಿ ನೋಡೋಣ್ವಾ?'

ಮೊದಲನೆಯವರು ತಪ್ಪನ್ನು ನಿಮ್ಮ ತಲೆಗೆ ಕಟ್ಟಿದರು. ಎರಡನೆಯವರು ಸಿಹಿಯಾಗಿಯೇ ಕೆಲಸ ಕೈಬಿಟ್ಟರು, ಹೊರಗಿನವರಿಗೆ ಇವರೇ ಒಳ್ಳೆಯವರಾಗಿ ಕಾಣುತ್ತಾರೆ. ಮೂರನೆಯವರು ನಿಮ್ಮ ಮಾತನ್ನೂ ಉಳಿಸಿಕೊಂಡರು, ಕೆಲಸವನ್ನೂ. ಥೆರಪಿಯಲ್ಲಿ ಬಿರುಕು ಬರುವುದು, ಅದನ್ನು ಮಾತಾಡಿ ಸರಿಮಾಡಿಕೊಳ್ಳುವುದು ಸಹಜ. ಸರಿಮಾಡಿಕೊಂಡ ಸಂಬಂಧಗಳಲ್ಲಿ ಫಲಿತಾಂಶ ಚೆನ್ನಾಗಿರುತ್ತದೆ ಎಂದು ಜೆರೆಮಿ ಸಫ್ರಾನ್ ಮತ್ತು ಕ್ರಿಸ್ಟೋಫರ್ ಮುರಾನ್ ಅವರಂಥ ಸಂಶೋಧಕರು ತೋರಿಸಿದ್ದಾರೆ.

'ಅನುಭವ ಇರುವವರು, ನಾನು ಹೇಳದಿದ್ದರೂ ಅವರಿಗೆ ಗೊತ್ತಾಗುತ್ತೆ' ಎಂದು ಕಾಯಬೇಡಿ. ಮನೋವಿಜ್ಞಾನಿ ಮೈಕಲ್ ಲ್ಯಾಂಬರ್ಟ್ ಮತ್ತು ಸಂಗಡಿಗರು 2005ರಲ್ಲಿ ಪ್ರಕಟಿಸಿದ ಅಧ್ಯಯನವೊಂದರಲ್ಲಿ, ಚಿಕಿತ್ಸೆಗೆ ಬಂದ 550 ಜನರಲ್ಲಿ ಯಾರ ಸ್ಥಿತಿ ಹದಗೆಡುತ್ತದೆ ಎಂದು ಥೆರಪಿಸ್ಟ್‌ಗಳನ್ನು ಕೇಳಿದ್ದರು. ಅವರು ಗುರುತಿಸಿದ್ದು 3 ಜನರನ್ನು. ಹದಗೆಟ್ಟವರು 40 ಜನ.

ಕಸಿವಿಸಿಯೋ, ಹೊಂದಿಕೆಯಾಗದ್ದೋ?

ಎಲ್ಲಕ್ಕಿಂತ ಗೊಂದಲದ ಜಾಗ ಇದು. ತಪ್ಪಿಸಿಕೊಳ್ಳುತ್ತಾ ಬಂದ ವಿಷಯ ಹತ್ತಿರ ಬಂದಾಗ 'ಇವರು ಸರಿಯಿಲ್ಲ' ಎಂಬ ಯೋಚನೆ ಥಟ್ಟನೆ ಬರುತ್ತದೆ. ಹಾಗೆ ಬಂದಾಗ ಇಷ್ಟು ನೋಡಿ: ಕಷ್ಟವಾಗುತ್ತಿರುವುದು ವಿಷಯವೋ ವ್ಯಕ್ತಿಯೋ? ಅಳು ಬಂತು, ಕೋಪ ಬಂತು, ಆದರೆ ಅವರು ನನ್ನ ಕಡೆ ಇದ್ದಾರೆ ಅನ್ನಿಸಿತು ಎಂದಾದರೆ ಇನ್ನಷ್ಟು ದಿನ ಇರಿ. ಅಲ್ಲಿ ಹೇಳಿದ್ದಕ್ಕಿಂತ ಮುಚ್ಚಿಟ್ಟದ್ದೇ ಹೆಚ್ಚಾಗುತ್ತಿದ್ದರೆ, ಅವರಿಗೆ ಬೇಜಾರಾಗದಂತೆ ಮಾತು ಜೋಡಿಸುತ್ತಿದ್ದರೆ, ಪ್ರತಿ ಸಲ ಚಿಕ್ಕವರಾಗಿ ಹೊರಬರುತ್ತಿದ್ದರೆ ಅದು ಬೇರೆ.

ಬದಲಾವಣೆಗೆ ಎಷ್ಟು ದಿನ ಕಾಯಬೇಕು? ಸಿಬಿಟಿಯಂಥ ಗುರಿ ನಿಗದಿಯಾದ ಚಿಕಿತ್ಸೆಗಳು ಅನೇಕ ಸಲ 12ರಿಂದ 20 ಸೆಷನ್‌ಗಳಲ್ಲಿ ಮುಗಿಯುತ್ತವೆ. ಆರೆಂಟು ವಾರವಾದರೂ ಪ್ರಶ್ನಾವಳಿಯ ಅಂಕ ಅಲುಗದಿದ್ದರೆ, ನಿಮ್ಮ ಪುಟದ ಕೊನೆಯ ಸಾಲು ಇದ್ದಲ್ಲೇ ಇದ್ದರೆ, ಆ ಮಾತು ಎತ್ತಬೇಕು. ಬೇರೆ ಪದ್ಧತಿ ಬೇಕೇ, ಔಷಧಿಯ ಬಗ್ಗೆ ಮನೋವೈದ್ಯರನ್ನು ಕಾಣಬೇಕೇ ಎಂದು ಥೆರಪಿಸ್ಟ್ ತಾವೇ ಯೋಚಿಸಬೇಕಾದ ಹೊತ್ತು ಅದು.

ಕೆಲವು ಸಂದರ್ಭಗಳಲ್ಲಿ ಈ ಲೆಕ್ಕವೆಲ್ಲ ಬೇಡ, ಎದ್ದು ಬನ್ನಿ. ಲೈಂಗಿಕ ಅಥವಾ ಪ್ರಣಯದ ಮಾತು, ಸ್ಪರ್ಶ. ನಿಮ್ಮಿಂದ ಸಾಲ, ವ್ಯಾಪಾರ, ಸ್ವಂತ ಕೆಲಸ. ಬೇರೆ ರೋಗಿಗಳ ಕತೆಯನ್ನು ಗುರುತು ಸಿಗುವಂತೆ ಹೇಳುವುದು. ಸೆಷನ್ ಪೂರ್ತಿ ತಮ್ಮ ಕಷ್ಟವನ್ನೇ ತೋಡಿಕೊಳ್ಳುವುದು. ಔಷಧಿ ಬರೆಯುವ ಅಧಿಕಾರ ಇಲ್ಲದವರು 'ಮಾತ್ರೆ ನಿಲ್ಲಿಸಿ' ಎನ್ನುವುದು. ಗುಣವಾಗುವುದು ಗ್ಯಾರಂಟಿ ಎಂದು ದೊಡ್ಡ ಪ್ಯಾಕೇಜಿಗೆ ಮುಂಗಡ ಕೇಳುವುದು. ಥೆರಪಿಸ್ಟ್ ಮತ್ತು ಚಿಕಿತ್ಸೆಗೆ ಬಂದವರ ನಡುವಿನ ಲೈಂಗಿಕ ಸಂಬಂಧವನ್ನು ಈ ವೃತ್ತಿಯ ನೀತಿಸಂಹಿತೆಗಳು ನಿಷೇಧಿಸುತ್ತವೆ, ನೀವು ಒಪ್ಪಿದ್ದಿರಿ ಎಂಬುದು ಅವರಿಗೆ ಸಮರ್ಥನೆಯಾಗುವುದಿಲ್ಲ. ನೋಂದಣಿ ಮಂಡಳಿಗೆ ದೂರು ಕೊಡಬಹುದು.

ಹಂತ 7: ಬಿಡುವುದಾದರೆ ಹೇಳಿ ಬಿಡಿ

ಅಪಾಯದ ಮಾತಿಲ್ಲದಿದ್ದರೆ, ಫೋನ್ ಎತ್ತದೆ ಮಾಯವಾಗುವುದಕ್ಕಿಂತ ಒಂದು ಕೊನೆಯ ಸೆಷನ್ ಅಥವಾ ಒಂದು ಸಂದೇಶ ಒಳ್ಳೆಯದು. 'ಇಲ್ಲಿಯವರೆಗಿನ ಕೆಲಸಕ್ಕೆ ಧನ್ಯವಾದ. ನನಗೆ ಬೇರೆ ರೀತಿಯ ಚಿಕಿತ್ಸೆ ಬೇಕು ಅನ್ನಿಸುತ್ತಿದೆ. ಯಾರನ್ನಾದರೂ ಸೂಚಿಸುತ್ತೀರಾ? ಈವರೆಗಿನದರ ಒಂದು ಸಾರಾಂಶ ಕೊಡಬಹುದಾ?' ಇಷ್ಟು ಸಾಕು, ವಿವರಣೆ ಕೊಡಲೇಬೇಕೆಂದಿಲ್ಲ. ಥೆರಪಿಸ್ಟ್‌ಗಳಿಗೆ ಇದು ಹೊಸದಲ್ಲ, ಒಳ್ಳೆಯವರು ತಾವಾಗಿಯೇ ಹೆಸರು ಕೊಡುತ್ತಾರೆ. ಮನೋವೈದ್ಯರನ್ನು ಬದಲಿಸುತ್ತಿದ್ದರೆ ಮಾತ್ರ ಒಂದು ಎಚ್ಚರ: ಹೊಸಬರ ಅಪಾಯಿಂಟ್‌ಮೆಂಟ್ ಸಿಗುವ ತನಕ ಸಾಲುವಷ್ಟು ಔಷಧಿ ಬರೆಸಿಕೊಳ್ಳಿ, ನೀವಾಗಿಯೇ ನಿಲ್ಲಿಸಬೇಡಿ.

ಮುಂದಿನವರಿಗೆ ಕರೆ ಮಾಡುವಾಗ ಹಳೆಯ ಪುಟವನ್ನೇ ತೆಗೆಯಿರಿ. ಅದರ ಕೆಳಗೆ ಎರಡು ಸಾಲು ಸೇರಿಸಿ: ಹಿಂದಿನವರಲ್ಲಿ ಯಾವುದು ಕೆಲಸಕ್ಕೆ ಬಂತು, ಯಾವುದು ಬರಲಿಲ್ಲ. 'ಮಾತು ಕೇಳಿಸಿಕೊಳ್ಳುತ್ತಿದ್ದರು, ಆದರೆ ಮುಂದೇನು ಅಂತ ಗೊತ್ತಾಗುತ್ತಿರಲಿಲ್ಲ' ಎಂದು ಮೊದಲ ಕರೆಯಲ್ಲೇ ಹೇಳಿದರೆ, ಹೊಸಬರು ಅದಕ್ಕೆ ಏನನ್ನುತ್ತಾರೆ ಎಂಬುದರಲ್ಲೇ ನಿಮಗೆ ಸಾಕಷ್ಟು ತಿಳಿಯುತ್ತದೆ.